ಹಿಂದೆ ಯಾರೂ ಇರಲಿಲ್ಲ

"ಇವತ್ತು ಸಾಯಂಕಾಲ ನಾಲ್ಕು ಗಂಟೆಗೆ ನಮ್ಮನೆಯವರು ಠಾಣೆಗೆ ಹೋಗಿ ರುಜು ಹಾಕ್ತಾರಂತೆ ಅಕ್ಕಾ, ತಾವೇ ಮೇಸ್ತ್ರಿಗೆ ವ್ಯಾನಲ್ಲಿ ಗುದ್ದಿದ್ದು ಅಂತ. ಬೇಡಿ ಅಂತ ಕಾಲು ಹಿಡ್ಕೊಂಡೆ. 'ನಾನೇ ಗುದ್ದಿದೆನೋ ಏನೋ ಕಣೇ, ಯಾರಿಗ್ಗೊತ್ತು' ಅಂತಾರೆ!"

ಬೆಳಗಿನ ಏಳೂವರೆ. ಬಾಗಿಲಲ್ಲಿ ನಿಂತ ಹೆಂಗಸಿನ ಬೆರಳುಗಳ ತುಂಬ ಇಸ್ತ್ರಿಪೆಟ್ಟಿಗೆ ತಾಗಿದ ಹಳೆಯ ಕಲೆಗಳಿದ್ದವು. ಒಳಗೆ ಮೇಜಿನ ಬಳಿ ಅಕ್ಕನ ತಮ್ಮ ಚಹಾ ಕುಡಿಯುತ್ತಿದ್ದ. ಆ ಹೆಂಗಸು ಅವನಿಗೆ ಗೊತ್ತು. ಅವಳ ಗಂಡನ ವ್ಯಾನೂ ಗೊತ್ತು. ಹೋದ ತಿಂಗಳು ಅದರ ಹಿಂಬದಿಗೆ ತಂತಿಯಿಲ್ಲದ ಕ್ಯಾಮೆರಾ ಹಾಕಿಕೊಟ್ಟವನು ಅವನೇ.

ಅಕ್ಕ ಅವಳನ್ನು ಒಳಗೆ ಕೂರಿಸಿ, ನೀರು ಕೊಟ್ಟು, ತನ್ನ ನೋಯುವ ಮೊಣಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದಳು. ಮೂವತ್ತು ವರ್ಷ ವಿಮಾ ಕಂಪನಿಗೆ ಜಖಂ ಆದ ವಾಹನಗಳನ್ನು ಪರೀಕ್ಷಿಸಿ ವರದಿ ಬರೆದವಳು ಅವಳು. ಒಂದು ಡೊಂಕು ಬಂಪರ್ ಮುಂದಿಟ್ಟರೆ ಅದರ ಜಾತಕವನ್ನೇ ಓದಿಬಿಡುತ್ತಿದ್ದಳು. ನಿವೃತ್ತಿಯಾದ ಮೇಲೂ ಜನ ಬಿಡಲಿಲ್ಲ. ಯಾರು ಏನೇ ಹೇಳಿದರೂ "ಯಾಕೆ?" ಎಂದು ಕೇಳುವ ಚಾಳಿಗಾಗಿ ಬಡಾವಣೆಯವರೆಲ್ಲ ಅವಳನ್ನು ಯಾಕಕ್ಕ ಎನ್ನುತ್ತಿದ್ದರು. ಅಂಗಡಿ ತೆರೆಯುವ ಮುಂಚೆ ಅಕ್ಕನ ಮನೆಯಲ್ಲಿ ಚಹಾ ಕುಡಿಯುವುದು, ಅವಳು ಕರೆದಾಗ ಸ್ಕ್ರೂಡ್ರೈವರ್ ಹಿಡಿದು ಹಿಂದೆ ಹೋಗುವುದು, ವಾಹನಗಳ ವೈರಿಂಗ್ ಕೆಲಸದ ತಮ್ಮನಿಗೆ ವರ್ಷಗಳಿಂದ ಅಭ್ಯಾಸ.

"ಮೊದಲಿಂದ ಹೇಳು. ಅಳೋದು ಆಮೇಲೆ," ಎಂದಳು ಅಕ್ಕ.

ಗಂಡ ಹೆಂಡತಿ ಇಬ್ಬರೂ ದುಡಿಯುತ್ತಿದ್ದದ್ದು ಆಸ್ಪತ್ರೆಗಳ ಹಾಸಿಗೆಬಟ್ಟೆ ಒಗೆದುಕೊಡುವ ದೊಡ್ಡ ಲಾಂಡ್ರಿಯಲ್ಲಿ. ಅವಳು ಇಸ್ತ್ರಿ ಕೋಣೆಯಲ್ಲಿ, ಅವನು ವ್ಯಾನಿನಲ್ಲಿ. ಹನ್ನೆರಡು ವರ್ಷದಲ್ಲಿ ಒಂದು ಕೋಳಿಯನ್ನೂ ಬೆದರಿಸದೆ ಓಡಿಸಿದವನೆಂದು ಅವನಿಗೆ ನಿಧಾನಿ ಎಂದೇ ಅಡ್ಡಹೆಸರು.

"ಸೋಮವಾರ ಮಧ್ಯಾಹ್ನ ಮೂರು ಗಂಟೆ. ಇವರು ಆಸ್ಪತ್ರೇಲಿ ಔಷಧಿ ನೀರಲ್ಲಿ ಅದ್ದಿದ ಒದ್ದೆ ಬಟ್ಟೆ ಮೂಟೆ ತುಂಬ್ಕೊಂಡು ಬಂದು ಇಳಿಸೋ ಕಟ್ಟೆಗೆ ಹಿಂದಕ್ಕೆ ತಗೀತಿದ್ರು. ನಂಗೆ ಹೊರಗಡೆ ನಮ್ಮ ಲಾಂಡ್ರಿ ಮೇಸ್ತ್ರಿ ಗಂಟಲು ಕೇಳಿಸ್ತು, 'ರೈಟ್... ರೈಟ್... ರೈಟ್' ಅಂತ. ಮುಂಚೆ ಬಸ್ ಕಂಡಕ್ಟರ್ ಆಗಿದ್ದೋರಲ್ವಾ, ಗಾಡಿ ಕರೆಯೋಕೂ ರೈಟ್, ಕಳಿಸೋಕೂ ರೈಟ್. ಆಮೇಲೆ ಒಂದೇ ಒಂದು ಕೂಗು. ಒಂದೆರಡು ನಿಮಿಷ ಬಿಟ್ಟು ಅಮ್ಮಾವ್ರು, ಯಜಮಾನರ ಹೆಂಡತಿ, ಕಿರುಚಿಕೊಂಡ್ರು. ಓಡಿದ್ವಿ. ಬಾಯ್ಲರ್ ಶೆಡ್ಡಿನ ಹಿಂದಿನ ಓಣೀಲಿ ಮೇಸ್ತ್ರಿ ಗೋಡೆ ಬುಡದಲ್ಲಿ ಬಿದ್ದಿದ್ರು. ಸೊಂಟ ಮುರಿದಿದೆ, ತಲೆಗೂ ಪೆಟ್ಟು. ಇವತ್ತಿಗೂ ಎಚ್ಚರ ಇಲ್ಲ."

"ನಿನ್ನ ಗಂಡ?"

"ಓಡಿ ಬಂದ್ರು. ಬಂದವರು ಬಾಯಿ ಮುಚ್ಕೊಂಡಿರಬಾರ್ದಾ! 'ಅಯ್ಯೋ, ಈಗಷ್ಟೇ ಇವರನ್ನ ನನ್ನ ಪರದೆ ಮೇಲೆ ನೋಡ್ದೆ' ಅಂದ್ರು. ಅಷ್ಟೇ ಸಾಕಾಯ್ತು. ಕಟ್ಟೆಗೆ ಹೋಗೋಕೆ ಮುಂಚೆ ವ್ಯಾನು ಆ ಓಣಿ ಬಾಯಲ್ಲಿ ರಿವರ್ಸ್ ತಗೊಂಡೇ ತಿರುಗಬೇಕು. ಅಲ್ಲೇ ಗುದ್ದಿ ಮುಂದೆ ಹೋದ ಅಂತ ತೀರ್ಮಾನ ಮಾಡಿಬಿಟ್ರು. ನಾನು ಪೊಲೀಸರಿಗೆ ರೈಟ್ ರೈಟ್ ಕೇಳಿಸ್ತು ಅಂತ ಇದ್ದದ್ದು ಇದ್ದಹಾಗೆ ಹೇಳ್ದೆ. ಅದೂ ಇವರ ಕುತ್ತಿಗೆಗೇ ಬಂತು. 'ನೋಡು, ಮೇಸ್ತ್ರಿನೇ ನಿಂತು ಕರೀತಿದ್ರೂ ಗುದ್ದಿದಾನೆ' ಅಂತ."

"ಅವನು ಏನಂತಾನೆ?"

"ಕಟ್ಟೆ ಹತ್ರ ಮೇಸ್ತ್ರಿ ಪರದೆ ಮೇಲೆ ಕಂಡ್ರು, ಬ್ರೇಕ್ ಒತ್ತಿದೆ, ಇಳಿದು ನೋಡಿದ್ರೆ ವ್ಯಾನ್ ಹಿಂದೆ ಯಾರೂ ಇರಲಿಲ್ಲ ಅಂತಾರೆ. ಮೊದಲ ದಿನ ಗಟ್ಟಿಯಾಗಿ ಹೇಳಿದ್ರು. ಎರಡನೇ ದಿನ ಮೆತ್ತಗೆ. ಈಗ ತಮ್ಮ ಕಣ್ಣೇ ತಮಗೆ ನಂಬಿಕೆ ಇಲ್ಲ."

ಅಕ್ಕ ತಮ್ಮನತ್ತ ತಿರುಗಿದಳು. "ಲೋ, ನಿನ್ನ ಮುಖ ಯಾಕೆ ಹಾಗೆ ಸುಣ್ಣ ಬಳಿದಂಗಾಯ್ತು?"

ತಮ್ಮ ಲೋಟ ಕೆಳಗಿಟ್ಟ. ಆ ಲಾಂಡ್ರಿಯ ಎರಡು ವ್ಯಾನಿಗೂ ಯಜಮಾನರ ಕಾರಿಗೂ ಒಂದೇ ಪೆಟ್ಟಿಗೆಯ ಮೂರು ಸೆಟ್ಟು, ಹಿಂದೆ ಕ್ಯಾಮೆರಾ, ಚಾಲಕನ ಮುಂದೆ ಪುಟ್ಟ ಪರದೆ, ಹಾಕಿದ್ದು ತಾನೇ ಎಂದು ಒಪ್ಪಿಕೊಂಡ. "ಯಜಮಾನರ ಅಳಿಯನಿಗೆ ಒಂದೇ ದಿನದಲ್ಲಿ ಮುಗೀಬೇಕಿತ್ತು ಕಣಕ್ಕ. ತಂತಿ ಎಳೆಯೋದಾದ್ರೆ ವ್ಯಾನಿನ ಒಳಗಿನ ತಗಡೆಲ್ಲ ಬಿಚ್ಚಬೇಕು, ಗಾಡಿ ಎರಡು ದಿನ ನಿಲ್ಲುತ್ತೆ. ಇದಾದ್ರೆ ಹಿಂದಿನ ರಿವರ್ಸ್ ದೀಪಕ್ಕೆ ಕ್ಯಾಮೆರಾ ಜೋಡಿಸಿದ್ರಾಯ್ತು, ಚಿತ್ರ ಗಾಳೀಲೇ ಮುಂದೆ ಬರುತ್ತೆ. ಕುರುಡು ಜಾಗ ಕಾಣುತ್ತೆ, ಎಷ್ಟೋ ಜನದ ಕಾಲು ಉಳಿಯುತ್ತೆ. ಒಳ್ಳೇ ಸಾಮಾನೇ. ಆದ್ರೆ ಅಗ್ಗದ್ದು. ಒಮ್ಮೊಮ್ಮೆ ಚಿತ್ರ ನಡುಗುತ್ತೆ, ಹಾರುತ್ತೆ. ಹಾಗಂತ ಹೇಳಿಯೇ ಹಾಕಿದ್ದೆ."

"ಹಾರಿ ಎಲ್ಲಿಗೆ ಹೋಗುತ್ತೆ?" ಎಂದಳು ಅಕ್ಕ, ಚಪ್ಪಲಿ ಹುಡುಕುತ್ತ.

ಆ ಪ್ರಶ್ನೆಯನ್ನು ತಮ್ಮ ಅದೇನೋ ತಮಾಷೆಯೆಂದುಕೊಂಡ.

ಅಕ್ಕನ ಹಳೆಯ ಕಾರಿನಲ್ಲಿ ಅವರು ಲಾಂಡ್ರಿ ತಲುಪಿದಾಗ ಒಂಬತ್ತೂವರೆ. ಅಂಗಳದ ತುಂಬ ಸೋಪಿನ ಬಿಸಿ ಹಬೆ. ಒಂದು ಪಕ್ಕ ಇಳಿಸುವ ಕಟ್ಟೆ, ಅದಕ್ಕೆ ಬೆನ್ನು ಕೊಟ್ಟು ನಿಂತ ವ್ಯಾನು. ಪೊಲೀಸರು ಅಳತೆ ತೆಗೆದುಕೊಂಡು ಅದನ್ನು ಅಲ್ಲೇ ಬಿಟ್ಟಿದ್ದರು. ವ್ಯಾನಿನ ಮೂತಿಯ ಎದುರಿಗೇ ಬಾಯ್ಲರ್ ಶೆಡ್ಡು. ಶೆಡ್ಡನ್ನು ಬಳಸಿ ಮೊಣಕೈಯಂತೆ ಬಾಗಿದ ಓಣಿ. ಓಣಿಯ ಕೊನೆಯಲ್ಲಿ ತಗಡಿನ ಚಪ್ಪರದಡಿ ಯಜಮಾನರ ನೀಲಿ ಕಾರು. ಮೇಸ್ತ್ರಿ ಬಿದ್ದಿದ್ದ ಜಾಗ ಶೆಡ್ಡಿನ ಹಿಂಗೋಡೆಯ ಬುಡ. ಕಟ್ಟೆಯಿಂದ ಅದು ಕಾಣುವಂತಿರಲಿಲ್ಲ, ಆದರೆ ಗೋಡೆ ದಾಟಿದರೆ ಹತ್ತು ಹೆಜ್ಜೆ.

ಯಜಮಾನರು ಲೈಟ್ ಕಂಬದಷ್ಟು ಎತ್ತರ. ಕಣ್ಣಿನ ಆಪರೇಷನ್ ಆಗಿ ಹತ್ತು ದಿನ, ಕಪ್ಪು ಕನ್ನಡಕ. ಅವರ ಅಳಿಯ ಮಾವನಿಗಿಂತ ಒಂದು ಗೇಣು ಹೆಚ್ಚೇ. ಅವನಿಗೆ ಅಕ್ಕ ಬಂದದ್ದು ಸ್ವಲ್ಪವೂ ಹಿಡಿಸಲಿಲ್ಲ.

"ನೋಡೀಮ್ಮ, ಅವನೇ ಒಪ್ಕೊಂಡಿದಾನೆ. ವಕೀಲರನ್ನ ನಾವೇ ಇಡ್ತೀವಿ, ಕೆಲಸದಿಂದಲೂ ತೆಗೆಯಲ್ಲ. ಕೆದಕಿ ಯಾಕೆ ರಾಡಿ ಮಾಡ್ತೀರಿ?"

"ಅದೇ ನಾನೂ ಕೇಳ್ತಿರೋದು, ಯಾಕೆ ಅಷ್ಟು ಅವಸರ?" ಎಂದಳು ಅಕ್ಕ. "ಸೋಮವಾರ ಮೂರು ಗಂಟೆಗೆ ಎಲ್ಲಿದ್ರಿ?"

"ಸೋಪಿನ ಪುಡಿಯವನ ಗೋದಾಮಿಗೆ ಹೊರಟಿದ್ದೆ. ಬೈಕಲ್ಲಿ, ಒಬ್ಬನೇ." ಅಳಿಯನ ಕಿವಿ ಕೆಂಪಾಯಿತು.

"ಇನ್ನೊಂದು ವ್ಯಾನು?"

"ಎಂಟು ಕಿಲೋಮೀಟರ್ ದೂರ, ಆಸ್ಪತ್ರೇಲಿ. ಅಲ್ಲಿನ ಗೇಟಿನ ಪುಸ್ತಕದಲ್ಲಿದೆ."

"ಈ ಕಾರು?"

"ಮಾವನಿಗೆ ಆಪರೇಷನ್ ಆದಾಗಿಂದ ಯಾರೂ ಮುಟ್ಟಿಲ್ಲ."

"ಅಮ್ಮಾವ್ರು ಓಡಿಸಲ್ವಾ?"

ಯಜಮಾನರು ದೊಡ್ಡದಾಗಿ ನಕ್ಕರು. "ಅವಳಿಗೆ ಸೈಕಲ್ಲೇ ನೆಟ್ಟಗೆ ಬರಲ್ಲ, ಕಾರಂತೆ!"

ಅಮ್ಮಾವ್ರು ಆಗಷ್ಟೇ ಆಸ್ಪತ್ರೆಯಿಂದ ಬಂದಿದ್ದರು. ಕುಳ್ಳಗಿನ, ದುಂಡು ಮುಖದ ಹೆಂಗಸು. ಮೂರು ದಿನದಿಂದ ಮೇಸ್ತ್ರಿಯ ಹಾಸಿಗೆ ಪಕ್ಕ ಕೂತು ಕಣ್ಣು ಗುಳಿಬಿದ್ದಿದ್ದವು. ಸ್ವಂತ ಅಣ್ಣನಿಗೂ ಯಾರೂ ಇಷ್ಟು ಮಾಡಲಾರರು ಎಂದು ಕೆಲಸದವರೆಲ್ಲ ಹೇಳುತ್ತಿದ್ದರು. "ಇವತ್ತು ಬೆಳಿಗ್ಗೆ ಬೆರಳು ಆಡಿಸಿದ್ರು. ಜೀವಕ್ಕೆ ಭಯ ಇಲ್ಲ ಅಂದ್ರು ಡಾಕ್ಟ್ರು," ಎಂದು ಗಂಡನಿಗೆ ಹೇಳಿ, ನಿಧಾನಿಯ ಹೆಂಡತಿಯ ಮುಖ ನೋಡದೆ ಒಳಗೆ ನಡೆದರು.

ನಿಧಾನಿ ಕಟ್ಟೆಯ ಮೂಲೆಯಲ್ಲಿ ಮುದುಡಿ ಕೂತಿದ್ದ. ಅಕ್ಕ ಅವನ ಪಕ್ಕದಲ್ಲೇ ಕಷ್ಟಪಟ್ಟು ಕೂತಳು.

"ಮೇಸ್ತ್ರಿ ನಿನ್ನ ವ್ಯಾನಿಗೆ ಯಾವತ್ತಾದ್ರೂ ರೈಟ್ ರೈಟ್ ಅಂದಿದ್ದುಂಟಾ?"

"ನಂಗ್ಯಾಕಮ್ಮ? ಕಣ್ಣು ಕಟ್ಟಿದ್ರೂ ಈ ಕಟ್ಟೆಗೆ ತಂದು ನಿಲ್ಲಿಸ್ತೀನಿ." ಅಂದವನು ನಾಲಿಗೆ ಕಚ್ಚಿಕೊಂಡ. "ನಿಲ್ಲಿಸ್ತಿದ್ದೆ."

"ಪರದೆ ಮೇಲೆ ಏನು ಕಂಡೆ? ಹಾಗೇ ಕಣ್ಮುಚ್ಚಿ ಹೇಳು."

"ಮೇಸ್ತ್ರಿ. ನನ್ನ ಕಡೆ ಮುಖ. ಕೈ ಬೀಸ್ತಿದ್ರು. ಏಪ್ರನ್ ಎದೆ ಮೇಲೆ ಲಾಂಡ್ರಿ ಹೆಸರು, 'ಶುಭ್ರ' ಅಂತ ಓದ್ದೆ. ಎದೆ ಝಲ್ ಅಂತು, ಬ್ರೇಕ್ ತುಳಿದು ನ್ಯೂಟ್ರಲ್‌ಗೆ ತಂದೆ. ರಿವರ್ಸ್ ತೆಗೆದ್ರೆ ಪರದೆ ಆರಿಹೋಗುತ್ತಲ್ಲ. ಇಳಿದು ಹಿಂದೆ ಹೋದೆ. ಯಾರೂ ಇಲ್ಲ. ಆಗ ಕಿರುಚಾಟ ಕೇಳಿಸ್ತು."

"ಹೆಸರು ಓದಿದೆ. ನಿಜ ತಾನೇ?"

"ಓದಿದೆ ಅಮ್ಮಾ. ದೇವರಾಣೆ." ಮತ್ತೆ ಅವನ ದನಿ ಕುಗ್ಗಿತು. "ಓದಿದ್ನಾ? ಗೊತ್ತಿಲ್ಲ. ನೀವು ಹೇಳಿದಂಗೆ."

ಅಕ್ಕ ಒಂದು ಏಪ್ರನ್ ತರಿಸಿ ನಿಧಾನಿಯ ಹೆಂಡತಿಗೆ ತೊಡಿಸಿ ವ್ಯಾನಿನ ಹಿಂದೆ ನಿಲ್ಲಿಸಿದಳು. ತಮ್ಮ ಮುಂದೆ ಕೂತು ಕೀಲಿ ತಿರುಗಿಸಿ ರಿವರ್ಸ್ ಹಾಕಿದ. ಪರದೆಯಲ್ಲಿ ಅವಳು ಕಂಡಳು. ಎದೆಯ ಮೇಲಿನ ಅಕ್ಷರಗಳು ಮಾತ್ರ ಕನ್ನಡಿಯೊಳಗಿನ ಬರಹದಂತೆ ತಿರುವುಮುರುವಾಗಿದ್ದವು.

"ಹಿಂಬದಿ ಕ್ಯಾಮೆರಾ ಹಾಗೇನೇ," ಎಂದ ತಮ್ಮ. "ಚಾಲಕನ ಬಲಗಡೆ ಇರೋದು ಪರದೇಲೂ ಬಲಕ್ಕೇ ಕಾಣಲಿ ಅಂತ ಚಿತ್ರ ಮಗುಚಿ ಹಾಕಿರ್ತಾರೆ. ಬರಹ ಓದೋಕಾಗಲ್ಲ."

ಕಿಟಕಿಯಿಂದ ಬಗ್ಗಿ ನೋಡುತ್ತಿದ್ದ ಅಳಿಯ ಚಪ್ಪಾಳೆ ತಟ್ಟಿದ. "ಕೇಳಿದ್ರಾ? ಓದೋಕೇ ಆಗದ್ದನ್ನ ಓದಿದ್ನಂತೆ! ಇನ್ನೇನು ಬೇಕು?"

ನಿಧಾನಿ ತಲೆಯನ್ನು ಮೊಣಕಾಲ ಮಧ್ಯೆ ಹುದುಗಿಸಿದ. ಹೆಂಡತಿ ಏಪ್ರನ್ ಕಳಚದೆ ನಿಂತೇ ಇದ್ದಳು. ತಮ್ಮನಿಗೆ ಅವಳ ಕಡೆ ನೋಡಲಾಗಲಿಲ್ಲ. ಅಕ್ಕ ಮಾತ್ರ, ಬಿಸಿಲಿಗೆ ಮೈಯೊಡ್ಡಿದ ಬೆಕ್ಕಿನಂತೆ ಕಣ್ಣು ಕಿರಿದು ಮಾಡಿ, "ಕಾರು ನೋಡೋಣ ನಡಿ," ಎಂದಳು.

ಕಾರಿನ ಮೈಮೇಲೆ ಹತ್ತು ದಿನದ ಧೂಳು ಕೂತಿತ್ತು. ಹಿಂದಿನ ಬಲಮೂಲೆಯ ಬಂಪರ್ ಮಾತ್ರ ಫಳಫಳ ಹೊಳೆಯುತ್ತಿತ್ತು. ತಮ್ಮ ಬಾಗಿಲು ತೆಗೆದು ಕೂತ. ಮೊಣಕಾಲು ಸ್ಟೀರಿಂಗಿಗೆ ಢಣ್ಣೆಂದು ಬಡಿಯಿತು. "ಹಾಳಾದ್ದು," ಎಂದು ಸೀಟನ್ನು ಹಿಂದಕ್ಕೆ ತಳ್ಳಿದ.

"ಅಯ್ಯೋ ಕತ್ತೆ! ಏನು ಮಾಡ್ದೆ ನೀನು?" ಅಕ್ಕನ ಕೂಗಿಗೆ ಅವನು ಬೆಚ್ಚಿದ. "ಸೀಟಿನ ಕಂಬಿ ಮೇಲೆ ಎಷ್ಟು ಹಲ್ಲು ಹಿಂದೆ ಹೋಯ್ತು? ಎಣಿಸ್ಕೊಂಡು ಮುಂಚೆ ಎಲ್ಲಿತ್ತೋ ಅಲ್ಲಿಗೇ ತಾ!"

ಐದು ಹಲ್ಲು. ಸೀಟನ್ನು ಮೊದಲಿನ ಜಾಗಕ್ಕೇ ತಂದು, ಕಾಲು ಮಡಚಿಕೊಂಡು, ಅವನು ರಿವರ್ಸ್ ಹಾಕಿದ. ಏಪ್ರನ್ ತೊಟ್ಟ ಹೆಂಗಸು ಹಿಂದೆ ನಿಂತಿದ್ದಳು. ಪರದೆ ಬೆಳಗಿತು.

ಶುಭ್ರ. ಅಕ್ಷರಗಳು ನೆಟ್ಟಗೆ, ಸ್ಪಷ್ಟವಾಗಿ, ಅವನ ಮುಖಕ್ಕೇ ನಿಂತಿದ್ದವು.

ತಮ್ಮನಿಗೆ ಕ್ಯಾಮೆರಾ ಹಾಕಿದ ದಿನ ನೆನಪಾಯಿತು. ಯಜಮಾನರು ಮೊದಲು ಕ್ಯಾಮೆರಾವನ್ನು ಕಾರಿನ ಮುಂಭಾಗಕ್ಕೆ ಕೇಳಿದ್ದರು. ಮುಂದೆ ಹಾಕುವಾಗ ಚಿತ್ರ ಮಗುಚದಿರಲೆಂದು ಕ್ಯಾಮೆರಾದ ಬುಡದಲ್ಲಿರುವ ಪುಟ್ಟ ಹಸಿರು ತಂತಿಯ ಕುಣಿಕೆಯನ್ನು ಕತ್ತರಿಸಬೇಕು. ಕತ್ತರಿಸಿದ. ಅರ್ಧ ಗಂಟೆ ಬಿಟ್ಟು ಅವರು ಮನಸ್ಸು ಬದಲಿಸಿ "ಹಿಂದಕ್ಕೇ ಹಾಕಪ್ಪ" ಎಂದರು. ಹಾಕಿದ. ಕತ್ತರಿಸಿದ ತಂತಿಯನ್ನು ಮತ್ತೆ ಕೂಡಿಸಲು ಮರೆತ. ಆ ತಂತಿ ಅವನಿಗೊಬ್ಬನಿಗೇ ಗೊತ್ತಿತ್ತು. ಬಾಯಿ ಮುಚ್ಚಿಕೊಂಡರೆ ಯಾರಿಗೂ ಗೊತ್ತಾಗುವುದಿಲ್ಲ.

"ಯಾಕೋ ಉಸಿರು ಬಿಡ್ತಿಲ್ಲ?" ಕಿಟಕಿಯ ಆಚೆ ಅಕ್ಕ ಮೆಲ್ಲಗೆ ಕೇಳಿದಳು.

ಹೇಳಿದ. ಪೂರ್ತಿ ಹೇಳಿದ.

ಅಕ್ಕ ಕಿಟಕಿಯ ಅಂಚಿಗೆ ಕೈಯೂರಿದಳು. "ಎಲ್ಲರ ಮುಂದೂ ಹೇಳಬೇಕಾಗುತ್ತೆ."

"ಗೊತ್ತು ಕಣಕ್ಕ."

ಎರಡು ಗಂಟೆಗೆ ಅಕ್ಕ ಎಲ್ಲರನ್ನೂ ಕಟ್ಟೆಯ ಬಳಿ ಸೇರಿಸಿದಳು. ಅಷ್ಟರಲ್ಲಿ, ಅಳಿಯ ಗೊಣಗುತ್ತಿದ್ದರೂ ಕೇಳದೆ, ಒದ್ದೆ ಬಟ್ಟೆಯ ಮೂಟೆಗಳನ್ನು ವ್ಯಾನಿನೊಳಗೆ ಸೂರಿನವರೆಗೆ ತುಂಬಿಸಿದ್ದಳು. ನಿಧಾನಿಯನ್ನು ಚಾಲಕನ ಸೀಟಿನಲ್ಲಿ ಕೂರಿಸಿದಳು. ಹೆಂಡತಿ ಏಪ್ರನ್ ತೊಟ್ಟು ಓಣಿಗೆ ಹೋದಳು. ತಮ್ಮ ಕಾರಿನೊಳಗೆ. ಅಕ್ಕನ ಸಿಳ್ಳೆ ಕೇಳಿಸಿದ ಕೂಡಲೇ ಇಬ್ಬರೂ ರಿವರ್ಸ್ ಹಾಕಬೇಕು, ವಾಹನ ಮಾತ್ರ ಅಲುಗಿಸಬಾರದು.

ಸಿಳ್ಳೆ ಬಿತ್ತು. ಓಣಿಯಲ್ಲಿದ್ದ ತಮ್ಮ ರಿವರ್ಸ್ ಹಾಕಿದ. ಆಮೇಲೆ ಗೋಡೆಯಾಚೆಯಿಂದ ನಿಧಾನಿಯ ಕೂಗು. "ಇದೇ! ಇದೇ ಅಮ್ಮಾ! ಇವಳು ಕಾಣ್ತಿದಾಳೆ! ಹೆಸರು ಓದ್ತಿದೀನಿ!"

ತಮ್ಮ ಓಡಿ ಬಂದಾಗ ಎಲ್ಲರೂ ವ್ಯಾನಿನ ಕಿಟಕಿಗೆ ಮುಗಿಬಿದ್ದಿದ್ದರು.

"ಇಷ್ಟೇ ವಿಷಯ," ಎಂದಳು ಅಕ್ಕ. "ಮೂರು ಸೆಟ್ಟೂ ಒಂದೇ ಪೆಟ್ಟಿಗೇದು. ಯಾವ ಪರದೆ ಯಾವ ಕ್ಯಾಮೆರಾದ್ದು ಅಂತ ಅವಕ್ಕೇ ಗೊತ್ತಿಲ್ಲ. ಯಾರು ಜೋರಾಗಿ ಕರೀತಾರೋ ಅವರ ಮನೆಗೆ ಹೋಗೋ ನೆಂಟರ ಹಾಗೆ. ಸಾಮಾನ್ಯ ದಿನ ಹತ್ತಿರದ್ದೇ ಗೆಲ್ಲುತ್ತೆ. ಸೋಮವಾರ ವ್ಯಾನಿನ ತುಂಬ ಒದ್ದೆ ಮೂಟೆ. ಅದರದೇ ಕ್ಯಾಮೆರಾದ ದನಿ ನೀರಲ್ಲಿ ಮುಳುಗಿಹೋಯ್ತು. ಮೂತಿ ಮುಂದೆ, ಗೋಡೆಯಾಚೆ, ಇನ್ನೊಂದು ವಾಹನ ಅದೇ ಕ್ಷಣ ರಿವರ್ಸ್‌ನಲ್ಲಿತ್ತು. ನಿಧಾನಿ ಕಂಡದ್ದು ಅದರ ಹಿಂಬದಿ. ಇನ್ನೊಂದು ವ್ಯಾನು ಎಂಟು ಕಿಲೋಮೀಟರ್ ಆಚೆ. ಉಳಿದದ್ದು ಈ ಕಾರು. ಅಕ್ಷರ ನೆಟ್ಟಗೆ ಕಾಣೋದೂ ಇದೊಂದರಲ್ಲೇ. ಇವನ ಪರದೆ ಸುಳ್ಳು ಹೇಳಲಿಲ್ಲ. ಬೇರೆಯವರ ಸತ್ಯ ಹೇಳ್ತು."

ಎಲ್ಲರ ಕಣ್ಣೂ ಅಳಿಯನ ಮೇಲೆ ಬಿದ್ದವು. ಅವನ ಹಣೆ ಬೆವರಿತು. "ನಾನಲ್ಲ! ಅಗ್ಗದ ಸಾಮಾನು ಹಾಕಿಸಿದ್ದು ನಾನು, ಅದು ಹೊರಗೆ ಬರುತ್ತೆ ಅಂತ ಹೆದರಿ ಬೇಗ ಮುಗಿಸೋಣ ಅಂದೆ. ಅಷ್ಟೇ!"

"ಗೊತ್ತು. ನಿಮ್ಮ ಕಾಲು ಆ ಸೀಟಲ್ಲಿ ತೂರಲ್ಲ," ಎಂದಳು ಅಕ್ಕ. "ನಿಮ್ಮ ಮಾವನದ್ದೂ ತೂರಲ್ಲ, ಅವರಿಗೆ ಈಗ ಕಣ್ಣೂ ಸರಿಯಿಲ್ಲ. ಕೊನೇಲಿ ಕಾರು ಓಡಿಸಿದವರು ಸೀಟನ್ನ ಐದು ಹಲ್ಲು ಮುಂದೆ ಎಳ್ಕೊಂಡಿದ್ರು. ಕುಳ್ಳಗಿನವರು. ಇನ್ನೊಂದು ಮಾತು. ಮೇಸ್ತ್ರಿ ರೈಟ್ ರೈಟ್ ಅಂದದ್ದು ಯಾರಿಗೆ? ನಿಧಾನಿಗಲ್ಲ. ಈಗಷ್ಟೇ ಕಲೀತಿರೋರಿಗೆ. ಕಂಡಕ್ಟರ್ ಬಾಯಲ್ಲಿ ರೈಟ್ ಅಂದ್ರೆ 'ಸರಿಯಿದೆ, ಬನ್ನಿ' ಅಂತ. ಬಸ್ಸಿನವರಿಗೆಲ್ಲ ಅದು ಗೊತ್ತು. ಪುಸ್ತಕ ಓದಿ ಕಲಿಯೋರಿಗೆ ರೈಟ್ ಅಂದ್ರೆ ಬಲಕ್ಕೆ. ಅವರು ಬಲಕ್ಕೆ ತಿರುಗಿಸಿದ್ರು. ಬಲಗಡೆ ಗೋಡೆ, ಗೋಡೆ ಮುಂದೆ ಮೇಸ್ತ್ರಿ."

ಅಳಿಯ ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡ.

"ನಾನು ಪರದೆ ನೋಡಿದೆ," ಎಂದರು ಅಮ್ಮಾವ್ರು. ದನಿ ಅವರದ್ದೇ ಎಂದು ನಂಬಲು ಎಲ್ಲರಿಗೂ ಒಂದು ಗಳಿಗೆ ಹಿಡಿಯಿತು. "ಅವರು ಎಡಗಡೆ ಕಾಣ್ತಿದ್ರು. ಬಲಕ್ಕೆ ಖಾಲಿ ಇತ್ತು. ಅದಕ್ಕೇ ಬಲಕ್ಕೆ ತಿರುಗಿಸು ಅಂತಿದಾರೆ ಅಂದ್ಕೊಂಡೆ."

"ಏನೇ ಇದು?" ಯಜಮಾನರು ಕನ್ನಡಕ ತೆಗೆದರು. "ನೀನ್ಯಾವಾಗ ಕಾರು..."

"ನಿಮ್ಮ ಕಣ್ಣು ಹೋಗ್ತಿತ್ತು ಕಣ್ರೀ. ನಾಳೆ ಆಸ್ಪತ್ರೆಗೆ ಕರ್ಕೊಂಡು ಹೋಗೋರು ಯಾರು? ಕಲೀತೀನಿ ಅಂದ್ರೆ ಸೈಕಲ್ಲೂ ಬರಲ್ಲ ಅಂತ ಹತ್ತು ಜನರ ಮುಂದೆ ನಗ್ತೀರಿ. ನೀವು ಮಲಗಿದಾಗ ಮೇಸ್ತ್ರಿ ಹೇಳ್ಕೊಡ್ತಿದ್ರು." ಅವರು ನಿಧಾನಿಯ ಕಡೆ ತಿರುಗಿದರು, ಆದರೆ ನೋಡಲಾಗದೆ ನೆಲ ನೋಡಿದರು. "ಕಾರನ್ನ ಮುಂದೆ ಚಪ್ಪರದಡಿಗೆ ತಂದು ನಿಲ್ಲಿಸಿ, ಬಂಪರ್‌ನ ಸೆರಗಲ್ಲಿ ಒರೆಸಿ ಆಮೇಲೆ ಕೂಗಿದೆ. ನಾನೇ ಅಂತ ಹೇಳೋಕೆ ಬಾಯಿ ತೆಗೆದೆ. ಅಷ್ಟರಲ್ಲಿ ನೀನು ಬಂದು ಪರದೇಲಿ ನೋಡ್ದೆ ಅಂದೆ. ಎಲ್ಲರೂ ನಿನ್ನ ಕಡೆ ತಿರುಗಿದ್ರು. ನನ್ನ ಬಾಯಿ ಮುಚ್ಚಿಹೋಯ್ತು. ಆಸ್ಪತ್ರೇಲಿ ಕೂತು ಮೇಸ್ತ್ರಿ ಕಾಲು ಒತ್ತಿದೆ, ಕೈ ಒತ್ತಿದೆ. ಬಾಯಿ ಮಾತ್ರ ತೆರೀಲಿಲ್ಲ."

"ಗುದ್ದಿದ್ದು ಕೈತಪ್ಪು," ಎಂದಳು ಅಕ್ಕ. "ಅದಕ್ಕೆ ಕಾನೂನು ಏನು ಹೇಳುತ್ತೋ ಹೇಳಲಿ. ಆದ್ರೆ ಮೂರು ದಿನ ಒಬ್ಬ ಮನುಷ್ಯ ತನ್ನ ಕಣ್ಣನ್ನೇ ಸುಳ್ಳು ಅಂದ್ಕೊಂಡ. ಅದು ಕೈತಪ್ಪಲ್ಲ ತಾಯಿ."

ತಮ್ಮ ಮುಂದೆ ಬಂದ. ಅಕ್ಕ ಅವನತ್ತ ನೋಡಲಿಲ್ಲ, ನೋಡಿದ್ದರೆ ಹೇಳಿಸಿದಂತಾಗುತ್ತಿತ್ತು.

"ಅಮ್ಮಾವ್ರಿಗೆ ಎಡ ಬಲ ಅದಲುಬದಲಾಗಿ ಕಂಡದ್ದು ನನ್ನಿಂದ," ಎಂದ. ಹಸಿರು ತಂತಿಯ ಕತೆಯನ್ನು ಒಂದಕ್ಷರ ಬಿಡದೆ ಹೇಳಿದ. "ನಾನು ಸರಿಯಾಗಿ ಹಾಕಿದ್ರೆ ಅವರು ಬಲಗಡೆನೇ ಕಾಣ್ತಿದ್ರು. ಇದನ್ನೂ ಠಾಣೇಲಿ ಬರೆಸ್ತೀನಿ."

ಯಾರೂ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ಮೂರೂವರೆಗೆ ಠಾಣೆಗೆ ಹೊರಟರು. ನೀಲಿ ಕಾರನ್ನು ಪೊಲೀಸರು ನೋಡುವವರೆಗೆ ಯಾರೂ ಮುಟ್ಟಕೂಡದೆಂದು ಅಕ್ಕ ಹೇಳಿದ್ದರಿಂದ ಅವಳ ಹಳೆಯ ಕಾರೇ ಗತಿ. ಹಿಂದಿನ ಸೀಟಿನಲ್ಲಿ ಯಜಮಾನ ದಂಪತಿ, ನಡುವೆ ತಮ್ಮ. ಅಕ್ಕ ಕೀಲಿಯನ್ನು ನಿಧಾನಿಯ ಕೈಗೆ ಹಾಕಿದಳು. "ನನ್ನ ಮೊಣಕಾಲು ಹಿಡ್ಕೊಂಡಿದೆ. ನೀನೇ ಓಡಿಸು."

"ನನ್ನ ಕೈಲಾಗಲ್ಲಮ್ಮ. ಇಲ್ಲಿ ತಿರುಗಿಸೋಕೆ ಜಾಗ ಇಲ್ಲ, ಗೇಟಿನವರೆಗೂ ಹಿಂದಕ್ಕೇ ಹೋಗ್ಬೇಕು."

"ಅದಕ್ಕೇ."

ಅವನು ಕೂತ. ರಿವರ್ಸ್ ಹಾಕಿದ. ಬ್ರೇಕಿನಿಂದ ಕಾಲು ಮಾತ್ರ ತೆಗೆಯಲಿಲ್ಲ. ನೋಡಲು ಪರದೆಯೂ ಇಲ್ಲ. ಅವನ ಹೆಂಡತಿ ಏನನ್ನೂ ಕೇಳದೆ ಗೇಟಿನ ಕಡೆ ನಡೆದು, ಅವನಿಗೆ ಪೂರ್ತಿ ಕಾಣುವ ಹಾಗೆ ಬಿಸಿಲಲ್ಲಿ ನಿಂತಳು.

"ಬನ್ನಿ," ಎಂದಳು. "ನಾನಿಲ್ಲೇ ಇದೀನಿ."

ನಿಧಾನಿ ಕತ್ತು ತಿರುಗಿಸಿ, ಹಿಂದಿನ ಗಾಜಿನ ಮೂಲಕ ಹೆಂಡತಿಯನ್ನು ಒಂದು ಸಲ ನೋಡಿದ. ಕಣ್ಣು ಒರೆಸಿಕೊಂಡು ಇನ್ನೊಂದು ಸಲ ನೋಡಿದ. ಆಮೇಲೆ ಬ್ರೇಕಿನಿಂದ ಕಾಲು ತೆಗೆದ.